ಲಾಸ್ ಪಾಲ್ಮಾಸ್‌ನಲ್ಲಿ ಗಾಳಿಗಾಗಿ ಕಾಯುತ್ತಾ: ಅಟ್ಲಾಂಟಿಕ್ ದಾಟುವ ಮುನ್ನ

ದಿನಾಂಕ ಬದಲಿಸಲಾಗದ ವಿಮಾನದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಹಾಯಿದೋಣಿ ಹತ್ತಬೇಡಿ. ಅಟ್ಲಾಂಟಿಕ್ ದಾಟಬೇಕೆಂಬ ಆಸೆ ಇರುವವರಿಗೆ ಮೊದಲು ಹೇಳಬೇಕಾದ್ದು ಇದೇ. ಲೈಫ್ ಜಾಕೆಟ್ಟು, ವಾಂತಿ ಮಾತ್ರೆ, ಅವಲಕ್ಕಿ ಡಬ್ಬಿಯ ವಿಚಾರವೆಲ್ಲ ಆಮೇಲೆ. ಬಂದರು ಬಿಡುವ ದಿನವನ್ನು ಗಾಳಿ ಹೇಳಬೇಕು, ದೋಣಿ ಒಪ್ಪಬೇಕು. ಇವೆರಡೂ ಕೂಡಿಬರುವ ತನಕ ಕಾಯಲು ಬೇಕಾದ ರಜೆ, ಹಣ, ತಾಳ್ಮೆ ಇಲ್ಲದವರು ವಿಮಾನದಲ್ಲೇ ಹೋಗುವುದು ಲೇಸು.

ಯುರೋಪಿನಿಂದ ಕೆರಿಬಿಯನ್ ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೊರಟವರ ದೊಡ್ಡ ತಂಗುದಾಣ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳು. ಅದರಲ್ಲೂ ಗ್ರಾನ್ ಕನಾರಿಯಾ ದ್ವೀಪದ ಲಾಸ್ ಪಾಲ್ಮಾಸ್. ಹಡಗುಗಳ ದೊಡ್ಡ ಬಂದರು ಮಗ್ಗುಲಲ್ಲೇ ಇರುವುದರಿಂದ ಹಾಯಿ ಹೊಲಿಯುವವರು, ವೆಲ್ಡಿಂಗ್ ಮಾಡುವವರು, ಎಂಜಿನ್ ಬಿಚ್ಚಿ ಕಟ್ಟುವವರು, ಹಗ್ಗ-ಕೊಂಡಿ ಮಾರುವವರು ಎಲ್ಲ ನಡೆದುಹೋಗುವ ದೂರದಲ್ಲಿ ಸಿಗುತ್ತಾರೆ. 1986ರಿಂದ ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಇಲ್ಲಿಂದ ಎಆರ್‌ಸಿ ಎಂಬ ಸಾಮೂಹಿಕ ಯಾನ ಹೊರಡುತ್ತದೆ. ಅದನ್ನು ಆರಂಭಿಸಿದವರು ಜಿಮ್ಮಿ ಕಾರ್ನೆಲ್ ಎಂಬ ನಾವಿಕ-ಲೇಖಕ. ಮೊದಲು ಬಾರ್ಬಡೋಸಿಗೆ ಹೋಗುತ್ತಿದ್ದ ಈ ಯಾನ 1990ರಿಂದ ಸೇಂಟ್ ಲೂಸಿಯಾದ ಕಡೆ ತಿರುಗಿತು. ದೂರ ಸುಮಾರು 2,700 ನಾಟಿಕಲ್ ಮೈಲು, ಅಂದರೆ ಐದು ಸಾವಿರ ಕಿಲೋಮೀಟರ್. 40 ಅಡಿಯ ದೋಣಿ ದಿನಕ್ಕೆ 130ರಿಂದ 150 ಮೈಲು ಸಾಗಿದರೆ ಹದಿನೆಂಟರಿಂದ ಇಪ್ಪತ್ತೊಂದು ದಿನದ ದಾರಿ. ಗಾಳಿ ಸತ್ತರೆ ನಾಲ್ಕು ವಾರವೂ ಆದೀತು.

ಜರ್ಮನಿ, ನೆದರ್ಲೆಂಡ್ಸ್, ಇಂಗ್ಲೆಂಡುಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ನಾಲ್ಕು ವಾರ ರಜೆ ಕೂಡಿಹಾಕುವುದೇ ಸಾಹಸ. ಅವರಿಗೆ ನನ್ನ ಸಲಹೆ: ಆರು ವಾರ ಸಿಕ್ಕರೆ ಮಾತ್ರ ಇಡೀ ದಾರಿಯ ಯೋಚನೆ ಮಾಡಿ. ಸಿಗದಿದ್ದರೆ ಕೆನರಿಯಿಂದ ಕೇಪ್ ವರ್ಡ್ ದ್ವೀಪಗಳ ತನಕದ ಮೊದಲ ತುಂಡಿಗೆ ಸಿಬ್ಬಂದಿಯಾಗಿ ಸೇರಿಕೊಳ್ಳಿ. ಸುಮಾರು 850 ಮೈಲು, ಆರೇಳು ದಿನ. ಸಾಗರಯಾನ ನಿಮ್ಮ ಮೈಗೆ ಒಗ್ಗುತ್ತದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು.

ಕಾಯುವುದು ಯಾತಕ್ಕಾಗಿ

ಮೊದಲನೆಯದು ಹರಿಕೇನ್. ಅಟ್ಲಾಂಟಿಕ್‌ನಲ್ಲಿ ಅದರ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ. ಆ ಅವಧಿಯಲ್ಲಿ ದೋಣಿ ಕೆರಿಬಿಯನ್ ವಲಯದೊಳಗೆ ಇದ್ದರೆ ಪರಿಹಾರವಿಲ್ಲ ಎಂದು ಎಷ್ಟೋ ವಿಮಾ ಪಾಲಿಸಿಗಳಲ್ಲಿ ಬರೆದಿರುತ್ತದೆ. ಹಾಗಾಗಿ ನವೆಂಬರ್ ಎರಡನೇ ವಾರಕ್ಕಿಂತ ಮುಂಚೆ ಹೊರಡುವವರು ಕಡಿಮೆ. ಋತುವಿನ ಕೊನೆಯ ದಿನಗಳನ್ನೂ ಹಗುರವಾಗಿ ಕಾಣುವಂತಿಲ್ಲ. 1999ರ ನವೆಂಬರ್ ಮಧ್ಯದಲ್ಲಿ ಲೆನಿ ಎಂಬ ಹರಿಕೇನ್ ಉಳಿದವುಗಳಿಗೆ ತದ್ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗಿ, ಗಾಳಿಮರೆಯೆಂದು ಎಲ್ಲರೂ ನಂಬಿದ್ದ ಪಶ್ಚಿಮ ದಂಡೆಗಳನ್ನೇ ಬಡಿಯಿತು. 2005ರ ನವೆಂಬರ್ ಕೊನೆಯಲ್ಲಿ ಡೆಲ್ಟಾ ಎಂಬ ಬಿರುಗಾಳಿ ಕೆನರಿ ದ್ವೀಪಗಳಿಗೇ ಬಂತು. ಗ್ರಾನ್ ಕನಾರಿಯಾದ ಅಗಾಯೆತೆ ಊರಿನ ಕಡಲಂಚಿನಲ್ಲಿ ‘ದೇವರ ಬೆರಳು’ ಎಂದು ಹೆಸರಾಗಿದ್ದ ಬಂಡೆಯ ತುದಿ ಆ ಗಾಳಿಗೆ ಮುರಿದುಬಿತ್ತು.

ಎರಡನೆಯದು ವಾಣಿಜ್ಯ ಮಾರುತ. ಶಾಲೆಯ ಭೂಗೋಳದಲ್ಲಿ ಬಾಣದ ಗುರುತು ಹಾಕಿ ಕಲಿತ ಈಶಾನ್ಯ ಮಾರುತವೇ ಇದು. ಅಜೋರ್ಸ್ ದ್ವೀಪಗಳ ಸುತ್ತ ನೆಲೆಸುವ ಅಧಿಕ ಒತ್ತಡದ ಪ್ರದೇಶದಿಂದ ಸಮಭಾಜಕ ವೃತ್ತದತ್ತ ಹರಿಯುವ ಗಾಳಿ, ಭೂಮಿಯ ತಿರುಗುವಿಕೆಯಿಂದ ಬಾಗಿ, ಈಶಾನ್ಯದಿಂದ ಬೀಸುತ್ತದೆ. ಚೆನ್ನಾಗಿ ನೆಲೆಯಾದಾಗ 15ರಿಂದ 20 ನಾಟ್ ವೇಗ; ದೋಣಿಯ ಬೆನ್ನಿಗೆ ಬೀಳುವ ಗಾಳಿಯಾದ್ದರಿಂದ ಸುಖ. ನವೆಂಬರ್‌ನಲ್ಲಿ ಅದು ಇನ್ನೂ ಚಂಚಲ. ಉತ್ತರ ಅಟ್ಲಾಂಟಿಕ್‌ನ ವಾಯುಭಾರ ಕುಸಿತವೊಂದು ದಕ್ಷಿಣಕ್ಕೆ ಜಾರಿದರೆ ಅಧಿಕ ಒತ್ತಡದ ಪ್ರದೇಶ ಪಕ್ಕಕ್ಕೆ ಸರಿಯುತ್ತದೆ, ಈಶಾನ್ಯ ಗಾಳಿ ನಿಂತುಹೋಗುತ್ತದೆ, ಲಾಸ್ ಪಾಲ್ಮಾಸ್‌ನಲ್ಲಿ ನೈಋತ್ಯದಿಂದ ಮೋಡ-ಮಳೆ ಬರುತ್ತದೆ. ಆಗ ಹೊರಟರೆ ಹೋಗಬೇಕಾದ ದಿಕ್ಕಿನಿಂದಲೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಡಿಸೆಂಬರ್ ಕಳೆದು ಜನವರಿಗೆ ಬಂದರೆ ಗಾಳಿ ಗಟ್ಟಿಯಾಗುತ್ತದೆ. ಕ್ರಿಸ್‌ಮಸ್ಸಿಗೆ ಕೆರಿಬಿಯನ್‌ನಲ್ಲಿ ಇರಬೇಕೆಂಬ ಹಟ ಇಲ್ಲದವರಿಗೆ ಜನವರಿಯೇ ಒಳ್ಳೆಯ ತಿಂಗಳು ಎಂಬುದು ನನ್ನ ಎಣಿಕೆ. ಬಂದರಿನಲ್ಲಿ ಜಾಗವೂ ಸುಲಭವಾಗಿ ಸಿಗುತ್ತದೆ.

ಹವಾಮಾನವನ್ನು ಎರಡು ಬಗೆಯಲ್ಲಿ ನೋಡಬೇಕು. ಯಾವ ತಿಂಗಳು ಎಂಬುದಕ್ಕೆ ಪೈಲಟ್ ಚಾರ್ಟು. ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೌರಿ ಹಳೆಯ ಹಡಗುಗಳ ದಿನಚರಿಗಳಿಂದ ಗಾಳಿ-ಪ್ರವಾಹದ ವಿವರ ಹೆಕ್ಕಿ 1847ರಲ್ಲಿ ಉತ್ತರ ಅಟ್ಲಾಂಟಿಕ್‌ನ ನಕ್ಷೆ ಪ್ರಕಟಿಸಿದ. ಇಂದಿನ ಪೈಲಟ್ ಚಾರ್ಟುಗಳು ಅದರ ವಂಶಜರು. ಯಾವ ದಿನ ಎಂಬುದಕ್ಕೆ ಗ್ರಿಬ್ ಎಂಬ ಮುನ್ಸೂಚನಾ ಕಡತ, ಇಲ್ಲವೇ ಅದನ್ನೇ ಬಣ್ಣ ಬಳಿದು ತೋರಿಸುವ ಮೊಬೈಲ್ ಆ್ಯಪ್. ಹೊರಡುವ ಹಿಂದಿನ ದಿನ ಮಾತ್ರ ನೋಡಿದರೆ ಇದರಿಂದ ಪ್ರಯೋಜನ ಕಡಿಮೆ. ಬಂದರಿಗೆ ಬಂದ ದಿನದಿಂದಲೇ ದಿನಾ ಬೆಳಿಗ್ಗೆ ಇಳಿಸಿಕೊಳ್ಳಿ. ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯುಎಫ್, ಈ ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು, ನಾಲ್ಕು ದಿನದ ಹಿಂದೆ ಹೇಳಿದ್ದು ಇಂದು ನಿಜವಾಯಿತೇ ಎಂದು ಬರೆದಿಡಿ. ಎರಡೂ ಒಂದೇ ಮಾತು ಹೇಳುತ್ತಿವೆ, ಹೇಳಿದ್ದು ನಡೆಯುತ್ತಲೂ ಇದೆ ಎಂದಾದರೆ ವಾತಾವರಣ ನೆಲೆಯಾಗಿದೆ ಎಂದರ್ಥ. ಐದಾರು ದಿನದಾಚೆಯ ಮುನ್ಸೂಚನೆಯನ್ನು ಓದಿ, ನಂಬಬೇಡಿ.

ಹೊರಡಲು ಇಡೀ ಮೂರು ವಾರದ ಒಳ್ಳೆಯ ಗಾಳಿ ಕಾಣಬೇಕಾಗಿಲ್ಲ. ಅಂಥದ್ದು ಎಂದೂ ಕಾಣುವುದೂ ಇಲ್ಲ. ಮೊದಲ ಮೂರು-ನಾಲ್ಕು ದಿನ ಉತ್ತರ ಅಥವಾ ಈಶಾನ್ಯದಿಂದ 12ರಿಂದ 20 ನಾಟ್ ಗಾಳಿ, ಪಶ್ಚಿಮ ದಿಕ್ಕಿನಲ್ಲಿ ವಾಯುಭಾರ ಕುಸಿತದ ಗುರುತಿಲ್ಲ, ಅಜೋರ್ಸ್‌ನ ಅಧಿಕ ಒತ್ತಡ ತನ್ನ ಜಾಗದಲ್ಲಿದೆ. ಇಷ್ಟಿದ್ದರೆ ಸಾಕು. ಅಷ್ಟರಲ್ಲಿ ದೋಣಿ ದಕ್ಷಿಣಕ್ಕೆ ಇಳಿದು ಗಟ್ಟಿ ಗಾಳಿಯ ಪಟ್ಟಿಯನ್ನು ಮುಟ್ಟಿರುತ್ತದೆ. ನಕ್ಷೆಯಲ್ಲಿ ಸೇಂಟ್ ಲೂಸಿಯಾಕ್ಕೆ ನೇರ ಗೆರೆ ಎಳೆದು ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಹಳೆಯ ನಾವಿಕರು ಹೇಳಿಕೊಟ್ಟ ದಾರಿ ಬೇರೆ: ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ, ಆಮೇಲೆ ಪಶ್ಚಿಮಕ್ಕೆ. ಬೆಣ್ಣೆ ಫ್ರಿಜ್ಜಿನಲ್ಲಿರುವ ಈ ಕಾಲದಲ್ಲಿ 20 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ತಿರುಗಿಕೊಳ್ಳುವುದು ಎಂದು ಇಟ್ಟುಕೊಳ್ಳಬಹುದು.

ಗಾಳಿಗೆ ಕಾಯುವುದು ನಮ್ಮ ಕರಾವಳಿಗೆ ಹೊಸದೇನಲ್ಲ. ಮಳೆಗಾಲದ ಕಡಲು ಇಳಿಯುವ ತನಕ ದೋಣಿಗಳು ದಡದಲ್ಲೇ. ನೂಲಹುಣ್ಣಿಮೆಗೆ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವುದು ಇಂದಿಗೂ ನಡೆದಿದೆ. ಭಾರತೀಯ ನೌಕಾಪಡೆಯ ‘ತಾರಿಣಿ’ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ವಿಶ್ವಪರ್ಯಟನೆಗೆ ಹೊರಟದ್ದರ ಹಿಂದೆಯೂ ಇಂಥದೇ ಲೆಕ್ಕ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಅನ್ನು ಅಲ್ಲಿನ ಬೇಸಿಗೆಯಲ್ಲೇ ದಾಟಬೇಕು. ಆರು ಮಂದಿ ಮಹಿಳಾ ಅಧಿಕಾರಿಗಳು ಅದನ್ನು 2018ರ ಜನವರಿಯಲ್ಲಿ ದಾಟಿದರು. ಹೊರಡುವ ದಿನವನ್ನು ದಾರಿಯ ಕಷ್ಟದ ಜಾಗದಿಂದ ಹಿಂದಕ್ಕೆ ಎಣಿಸಬೇಕು.

ಮುಗಿಯದ ಪಟ್ಟಿ

ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಪ್ರತಿ ದೋಣಿಯಲ್ಲೂ ಇರುತ್ತದೆ. ಒಂದು ಹೊಡೆದುಹಾಕಿದರೆ ಎರಡು ಸೇರುತ್ತವೆ. ಅದು ಪೂರ್ತಿ ಮುಗಿಯಲಿ ಎಂದು ಕೂತವರು ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ. ಪಟ್ಟಿಯನ್ನು ಮಡಚಿಟ್ಟು ಹೊರಟವರ ಗತಿ ಏನೆಂಬುದಕ್ಕೆ ಡೊನಾಲ್ಡ್ ಕ್ರೌಹರ್ಸ್ಟ್ ಇದ್ದಾನೆ. 1968ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಏರ್ಪಡಿಸಿದ, ಒಬ್ಬನೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತುವ ಪಂದ್ಯದಲ್ಲಿ ಅಕ್ಟೋಬರ್ 31ರ ಒಳಗೆ ಹೊರಡಬೇಕೆಂಬ ನಿಯಮವಿತ್ತು. ಕ್ರೌಹರ್ಸ್ಟ್ ಅದೇ ಕೊನೆಯ ದಿನ, ಅರೆಬರೆ ಸಿದ್ಧವಾಗಿದ್ದ ದೋಣಿಯಲ್ಲಿ ಟಿನ್‌ಮತ್ ಬಂದರು ಬಿಟ್ಟ. ಅವನಿಗೆ ಬೇಕಾಗಿದ್ದ ಬಿಡಿಭಾಗಗಳ ರಾಶಿ ದಡದಲ್ಲೇ ಉಳಿಯಿತು. ಮುಂದೆ ಹೋಗಲಾಗದೆ, ಹಿಂದೆ ಬರಲಾಗದೆ, ಭೂಮಿ ಸುತ್ತುತ್ತಿರುವಂತೆ ಸುಳ್ಳು ಲೆಕ್ಕ ಕಳಿಸುತ್ತ ಅಟ್ಲಾಂಟಿಕ್‌ನಲ್ಲೇ ಅಲೆದ. 1969ರ ಜುಲೈನಲ್ಲಿ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೊರಟ ಒಂಬತ್ತು ಮಂದಿಯಲ್ಲಿ ಪಂದ್ಯ ಮುಗಿಸಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬನೇ.

ಹಾಗಾದರೆ ಪಟ್ಟಿಯಲ್ಲಿ ಯಾವುದು ಮುಖ್ಯ? ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಕೆಟ್ಟರೆ ನೀರು ಒಳಗೆ ಬರುತ್ತದೆಯೇ? ಕೂವೆಮರ ಬೀಳುತ್ತದೆಯೇ? ಚುಕ್ಕಾಣಿ ಹೋಗುತ್ತದೆಯೇ? ಮನುಷ್ಯ ನೀರಿಗೆ ಬೀಳುತ್ತಾನೆಯೇ? ನಾಲ್ಕಕ್ಕೂ ‘ಇಲ್ಲ’ ಎಂದಾದರೆ ಆ ಕೆಲಸ ಕೆರಿಬಿಯನ್‌ಗೆ ಹೋದ ಮೇಲೂ ಆದೀತು. ಕಪಾಟಿಗೆ ವಾರ್ನಿಷ್ ಹಚ್ಚುವುದು, ಸ್ಪೀಕರ್ ಕೂಡಿಸುವುದು, ಹೊಸ ಮೆತ್ತೆ ಹೊಲಿಸುವುದು, ಇವೆಲ್ಲ ಕಾಯುವ ಬೇಸರಕ್ಕೆ ಹುಟ್ಟಿಕೊಂಡ ಕೆಲಸಗಳು.

ಚುಕ್ಕಾಣಿಯಿಂದ ಶುರು ಮಾಡೋಣ. 1492ರ ಆಗಸ್ಟ್ 3ರಂದು ಪಾಲೋಸ್ ಬಂದರಿನಿಂದ ಹೊರಟ ಕೊಲಂಬಸ್‌ನ ಮೂರು ಹಡಗುಗಳಲ್ಲಿ ‘ಪಿಂಟಾ’ದ ಚುಕ್ಕಾಣಿ ಕೆಲವೇ ದಿನಗಳಲ್ಲಿ ಕಳಚಿತು. ಕೆನರಿಯಲ್ಲಿ ಅದನ್ನು ರಿಪೇರಿ ಮಾಡಿಸಿ, ‘ನೀನ್ಯಾ’ದ ತ್ರಿಕೋನ ಹಾಯಿಗಳನ್ನು ಬೆನ್ನಗಾಳಿಗೆ ಹೊಂದುವ ಚೌಕ ಹಾಯಿಗಳಾಗಿ ಬದಲಿಸಿ, ಗೊಮೇರಾ ದ್ವೀಪದಿಂದ ಹೊರಡುವಾಗ ಸೆಪ್ಟೆಂಬರ್ 6. ಸುಮಾರು ಒಂದು ತಿಂಗಳು ಕಾಯುವುದರಲ್ಲೇ ಹೋಯಿತು, ದಾಟಲು ಹಿಡಿದದ್ದು ಐದು ವಾರ ಚಿಲ್ಲರೆ. ಇಂದಿನ ದೋಣಿಗಳಲ್ಲೂ ನಡುಸಾಗರದಲ್ಲಿ ಕೈಕೊಡುವ ದೊಡ್ಡ ಅಂಗ ಚುಕ್ಕಾಣಿ ಮತ್ತು ಅದನ್ನು ತಾನೇ ತಿರುಗಿಸುವ ಆಟೋಪೈಲಟ್. ಬೆನ್ನ ಹಿಂದಿನಿಂದ ಅಲೆ ಬಂದಂತೆಲ್ಲ ಅದು ಹಗಲಿರುಳು ತಿರುಗುತ್ತಲೇ ಇರಬೇಕು. ಚುಕ್ಕಾಣಿಯ ಬೇರಿಂಗ್ ಸಡಿಲವಿದೆಯೇ, ತಂತಿ ಸವೆದಿದೆಯೇ, ಬೋಲ್ಟು ಬಿಗಿಯಿದೆಯೇ ನೋಡಿ. ತುರ್ತು ಚುಕ್ಕಾಣಿಕೋಲನ್ನು ನಿಜವಾಗಿ ಸಿಕ್ಕಿಸಿ, ಬಂದರಿನ ಹೊರಗೆ ಒಂದು ಗಂಟೆ ಅದರಲ್ಲೇ ದೋಣಿ ನಡೆಸಿ. ಅದು ಮಂಚದ ಹಲಗೆಗೆ ತಾಗುತ್ತದೆ, ತಿರುಗಿಸಲು ಇಬ್ಬರು ಬೇಕು ಎಂಬುದು ತಿಳಿಯುವುದು ಆಗಲೇ. ವಿದ್ಯುತ್ ಬೇಡದ, ಗಾಳಿಪಟ್ಟಿಯಿಂದ ನಡೆಯುವ ಸ್ವಯಂಚುಕ್ಕಾಣಿ ಇದ್ದವರು ಪುಣ್ಯವಂತರು. ಅದಿಲ್ಲದಿದ್ದರೆ ಆಟೋಪೈಲಟ್‌ಗೆ ಬಿಡಿ ಮೋಟಾರು ಇಟ್ಟುಕೊಳ್ಳಿ. ಇನ್ನೊಂದು ಮಾತು: 2020ರಿಂದೀಚೆಗೆ ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದುತ್ತಿವೆ. ಆ ದಾರಿಯಲ್ಲಿ ಬಂದ ದೋಣಿಯಾದರೆ ಏನೂ ಆಗಿಲ್ಲ ಎನಿಸಿದರೂ ನೀರಿಗಿಳಿದು ಚುಕ್ಕಾಣಿ ಹಲಗೆಯನ್ನು ಒಮ್ಮೆ ಪರೀಕ್ಷಿಸಬೇಕು.

ಕೂವೆಮರದ ವಿಚಾರ. ಒಬ್ಬರು ಕುರ್ಚಿಪಟ್ಟಿಯಲ್ಲಿ ಕುಳಿತು ತುದಿಯ ತನಕ ಏರಿ, ಮರವನ್ನು ಎಳೆದು ಹಿಡಿದಿರುವ ಉಕ್ಕಿನ ತಂತಿಗಳ ಒಂದೊಂದು ಕೊನೆಯನ್ನೂ ಬೆರಳಿನಿಂದ ಸವರಿ ನೋಡಬೇಕು. ತಂತಿಯ ಒಂದು ಎಳೆ ಬಿಟ್ಟಿದ್ದರೂ ಅದನ್ನು ಬದಲಿಸಿಯೇ ಹೊರಡಬೇಕು. ಕೊಂಡಿಗಳ ಪಿನ್ನು ಸೆಟೆದು ನಿಂತಿವೆಯೇ, ಬಾಗಿವೆಯೇ ಎಂಬುದನ್ನು ಫೋಟೊ ತೆಗೆದಿಡಿ. ಕೆಳಗೆ ಬಂದ ಮೇಲೆ ಅನುಮಾನ ಬಂದರೆ ಮತ್ತೆ ಏರುವುದು ತಪ್ಪುತ್ತದೆ.

ಬೆನ್ನಗಾಳಿಯ ಮೂರು ವಾರದ ದಾರಿಯಲ್ಲಿ ಬಿರುಗಾಳಿಗಿಂತ ಹೆಚ್ಚು ಕಾಡುವುದು ಸವೆತ. ದೋಣಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಹಗ್ಗ ರಾಟೆಯ ಒಂದೇ ಜಾಗಕ್ಕೆ, ಹಾಯಿ ತಂತಿಯ ಒಂದೇ ಜಾಗಕ್ಕೆ, ದಿನಕ್ಕೆ ಸಾವಿರಾರು ಸಲ ಉಜ್ಜುತ್ತದೆ. ಬಂದರಿನಲ್ಲಿ ಹೊಸದಾಗಿ ಕಂಡ ಹಗ್ಗ ಹತ್ತನೇ ರಾತ್ರಿ ಪಟ್ಟನೆ ತುಂಡಾಗುವುದು ಇದರಿಂದ. ಹಾಯಿ ತಂತಿಗೆ ತಾಗುವ ಕಡೆ ದಪ್ಪ ತೇಪೆ ಹಾಕಿಸಿ. ಹಗ್ಗ ಉಜ್ಜುವ ಕಡೆ ಹಳೆಯ ಅಗ್ನಿಶಾಮಕ ಪೈಪಿನ ತುಂಡೋ, ಚರ್ಮವೋ ಸುತ್ತಿ. ಹಾಯಿ ಏರಿಸುವ ಹಗ್ಗವನ್ನು ದಿನಾ ನಾಲ್ಕು ಬೆರಳಿನಷ್ಟು ಸಡಿಲಿಸಿಯೋ ಬಿಗಿದೋ ಉಜ್ಜುವ ಜಾಗ ಬದಲಾಗುವಂತೆ ಮಾಡುವುದು ಹಳೆಯ ಉಪಾಯ. ಅದಕ್ಕೆ ಬೇಕಾದಷ್ಟು ಉದ್ದ ಮೊದಲೇ ಬಿಟ್ಟುಕೊಂಡಿರಬೇಕು. ಹಾಯಿಯ ಅಡಿಗಿರುವ ಬೂಮ್ ಎಂಬ ಅಡ್ಡಕಂಬ ಹಠಾತ್ತನೆ ಇನ್ನೊಂದು ಬದಿಗೆ ಬೀಸಿದರೆ ತಲೆ ಒಡೆಯುತ್ತದೆ, ಜೀವವೂ ಹೋಗುತ್ತದೆ. ಅದನ್ನು ಮುಂದಕ್ಕೆ ಎಳೆದು ಕಟ್ಟುವ ಹಗ್ಗ, ಕಟ್ಟುವ ಕ್ರಮ ಎರಡನ್ನೂ ಬಂದರಿನಲ್ಲೇ ನಿಗದಿ ಮಾಡಿಕೊಳ್ಳಿ.

ನೀರು ಒಳಬರುವ ದಾರಿಗಳು ಸರಳ: ತಳದ ವಾಲ್ವುಗಳು ತಿರುಗುತ್ತವೆಯೇ, ಪ್ರತಿಯೊಂದರ ಪಕ್ಕದಲ್ಲೂ ಅದರ ಅಳತೆಯ ಮರದ ಬಿರಡೆ ಕಟ್ಟಿದೆಯೇ, ಪಂಪು ನೀರು ಎತ್ತುತ್ತದೆಯೇ. ಡೀಸೆಲ್ ಟ್ಯಾಂಕಿನ ತಳದ ಕೆಸರು ಬಂದರಿನಲ್ಲಿ ಸುಮ್ಮನಿರುತ್ತದೆ, ಓಲಾಟಕ್ಕೆ ಮೇಲೆದ್ದು ಫಿಲ್ಟರ್ ಮುಚ್ಚುತ್ತದೆ. ಫಿಲ್ಟರುಗಳನ್ನು ಡಜನ್ ಲೆಕ್ಕದಲ್ಲಿ ತನ್ನಿ.

ಜೀವರಕ್ಷೆಯ ಸಾಮಾನುಗಳಲ್ಲಿ ಮರೆತುಹೋಗುವುದು ತಾರೀಖುಗಳು. ಲೈಫ್‌ರಾಫ್ಟಿನ ಸರ್ವಿಸ್ ಯಾವಾಗ ಆಗಿದೆ, ಲೈಫ್ ಜಾಕೆಟ್ಟಿನ ಗ್ಯಾಸ್ ಸಿಲಿಂಡರಿಗೆ ತುಕ್ಕು ಹಿಡಿದಿದೆಯೇ, ಇಪರ್ಬ್ ಎಂಬ ಆಪತ್‌ಸಂಕೇತ ಯಂತ್ರದ ಬ್ಯಾಟರಿಯ ಅವಧಿ ಎಂದಿಗೆ. ಈ ಯಂತ್ರ 406 ಮೆಗಾಹರ್ಟ್ಸ್‌ನಲ್ಲಿ ಕೊಡುವ ಸಂಕೇತವನ್ನು ಉಪಗ್ರಹಗಳು ಹಿಡಿದು, ಯಂತ್ರ ನೋಂದಣಿಯಾದ ದೇಶಕ್ಕೆ ತಿಳಿಸುತ್ತವೆ. ಭಾರತದ ಪಾಲಿಗೆ ಆ ಕೇಂದ್ರ ಇರುವುದು ಬೆಂಗಳೂರಿನ ಇಸ್ರೋ ಇಸ್ಟ್ರಾಕ್‌ನಲ್ಲಿ. ನೋಂದಣಿಯಲ್ಲಿ ಕೊಟ್ಟ ಫೋನ್ ನಂಬರು ಹಳೆಯ ಮಾಲೀಕನದ್ದಾಗಿದ್ದರೆ ಹುಡುಕಾಟ ಶುರುವಾಗುವುದೇ ತಡವಾಗುತ್ತದೆ. ನಡುಸಾಗರಕ್ಕೆ ಹೆಲಿಕಾಪ್ಟರ್ ಬರಲಾರದು ಎಂಬುದೂ ನೆನಪಿರಲಿ. ನೆರವಿಗೆ ಬರುವುದು ಹಾದುಹೋಗುವ ಸರಕುಹಡಗು, ಇಲ್ಲವೇ ನಿಮ್ಮಂತೆಯೇ ಹೊರಟ ಇನ್ನೊಂದು ದೋಣಿ. ಅದಕ್ಕೆ ದಿನಗಟ್ಟಲೆ ಹಿಡಿಯಬಹುದು. ಆದ್ದರಿಂದ ಡೆಕ್ಕಿನ ಉದ್ದಕ್ಕೂ ಪಟ್ಟಿ ಎಳೆದು, ನಡುಪಟ್ಟಿಯ ಕೊಂಡಿ ಅದಕ್ಕೆ ಸಿಕ್ಕಿಸಿಕೊಂಡೇ ಓಡಾಡುವುದು, ರಾತ್ರಿ ಇನ್ನೊಬ್ಬರನ್ನು ಎಬ್ಬಿಸದೆ ಕಾಕ್‌ಪಿಟ್ ಬಿಟ್ಟು ಮುಂದೆ ಹೋಗದಿರುವುದು, ಇವೆರಡು ನಿಯಮಕ್ಕೆ ವಿನಾಯಿತಿ ಬೇಡ. ಡಿಸೆಂಬರಿನ ರಾತ್ರಿ ಅಲ್ಲಿ ಹನ್ನೆರಡು ಗಂಟೆಗೂ ಹೆಚ್ಚು.

ಕಟ್ಟೆಯ ಮೇಲೆ ಸಿಗುವ ಪರಿಣತರ ಬಗ್ಗೆ ಒಂದು ಮಾತು. ಸಂಜೆ ಬಿಯರ್ ಹಿಡಿದು ಬರುವ ನೆರೆದೋಣಿಯವರು ನಿಮ್ಮಲ್ಲಿ ಇಲ್ಲದ ಒಂದೊಂದೇ ಸಾಮಾನು ಎತ್ತಿ ಹೇಳಿ ಹೆದರಿಸುತ್ತಾರೆ. ಅವರಲ್ಲಿ ಅನೇಕರು ಇನ್ನೂ ಒಮ್ಮೆಯೂ ದಾಟಿದವರಲ್ಲ. ಕೇಳಿ, ನಕ್ಕು, ನಾಲ್ಕು ಪ್ರಶ್ನೆಗೆ ಹಿಂತಿರುಗಿ.

ನೀರು, ಅಡಿಗೆ, ಗ್ಯಾಸು

ಇಪ್ಪತ್ತು ದಿನದ ದಾರಿಗೆ ಮೂವತ್ತು ದಿನದ ಲೆಕ್ಕ ಹಾಕಿ. ಕುಡಿಯಲು ಮತ್ತು ಅಡಿಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್ ಎಂದರೆ ನಾಲ್ವರಿಗೆ 360 ಲೀಟರ್. ಅದೆಲ್ಲ ಒಂದೇ ಟ್ಯಾಂಕಿನಲ್ಲಿ ಇರಬಾರದು. ಒಂದು ಸೋರಿದರೆ, ಉಪ್ಪುನೀರು ಸೇರಿದರೆ ಇನ್ನೊಂದು ಇರಬೇಕು. ಅದಲ್ಲದೆ ಬಾಟಲಿಗಳಲ್ಲಿ ಬೇರೆ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿದ್ದರೆ ಸ್ನಾನ ಸಿಗುತ್ತದೆ. ಕುಡಿಯುವ ನೀರಿನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ಪಾತ್ರೆ ತೊಳೆಯಲು ಸಮುದ್ರ ಇದ್ದೇ ಇದೆ.

ಲಾಸ್ ಪಾಲ್ಮಾಸ್‌ನ ಹಳೆಯ ಭಾಗವಾದ ವೆಗೆಟಾದಲ್ಲಿ ಒಳ್ಳೆಯ ತರಕಾರಿ ಮಾರುಕಟ್ಟೆ ಇದೆ. ಅಲ್ಲಿ ಫ್ರಿಜ್ಜಿಗೆ ಹೋಗಿ ಬಂದ ತರಕಾರಿ ಬೇಡವೆಂದು ಕೇಳಿ. ಒಮ್ಮೆ ತಂಪಾದದ್ದು ಹೊರಗೆ ಬೇಗ ಕೊಳೆಯುತ್ತದೆ. ಮೊಟ್ಟೆಗೂ ಇದೇ ಮಾತು. ಇಡಿಯ ಕುಂಬಳಕಾಯಿ, ಎಲೆಕೋಸು, ಈರುಳ್ಳಿ, ಆಲೂಗಡ್ಡೆ ಕೊನೆಯ ತನಕ ಬರುತ್ತವೆ. ಈರುಳ್ಳಿಯನ್ನೂ ಆಲೂಗಡ್ಡೆಯನ್ನೂ ಒಟ್ಟಿಗೆ ಇಡಬೇಡಿ. ಟೊಮೆಟೊ ಹಸಿರಿದ್ದಾಗಲೇ ಕೊಂಡು ಕಾಗದದಲ್ಲಿ ಸುತ್ತಿಟ್ಟರೆ ಒಂದೊಂದಾಗಿ ಹಣ್ಣಾಗುತ್ತದೆ. ಕೆನರಿಯ ಬಾಳೆಹಣ್ಣು ಪ್ರಸಿದ್ಧ, ಅಗ್ಗ. ಗೊನೆಯನ್ನೇ ಕಟ್ಟಿ ತೂಗುಹಾಕುವ ಚಪಲ ಯಾರನ್ನೂ ಬಿಡದು. ಇಡೀ ಗೊನೆ ಒಂದೇ ದಿನ ಹಣ್ಣಾಗಿ, ಆಮೇಲೆ ಮೂರು ದಿನ ಬೆಳಿಗ್ಗೆ-ಸಂಜೆ ಬಾಳೆಹಣ್ಣೇ ಗತಿ. ರಟ್ಟಿನ ಪೆಟ್ಟಿಗೆಗಳನ್ನು ಕಟ್ಟೆಯ ಮೇಲೇ ಬಿಚ್ಚಿ ಎಸೆಯಿರಿ. ಅವುಗಳ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಇರುತ್ತದೆ, ದೋಣಿಗೆ ಸೇರಿದ ಜಿರಲೆಯನ್ನು ಓಡಿಸುವುದು ಸುಲಭವಲ್ಲ.

ಅಡಿಗೆಯಲ್ಲಿ ಕನ್ನಡಿಗರು ಹೊರಗಿನವರಿಗೆ ಕಲಿಸಬಹುದಾದ್ದು ಬಹಳ ಇದೆ. ಮುಚ್ಚಳ ಬಿಗಿಯುವ ಪ್ರೆಷರ್ ಕುಕ್ಕರ್ ಓಲಾಡುವ ಅಡಿಗೆಮನೆಗೆ ಹೇಳಿ ಮಾಡಿಸಿದ್ದು; ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಮೊದಲ ಮೂರು ದಿನ ಹೊಟ್ಟೆ ತೊಳಸುವಾಗ ಒಲೆಯ ಮುಂದೆ ನಿಲ್ಲಲು ಯಾರಿಂದಲೂ ಆಗದು. ಆಗ ನೀರು ಚಿಮುಕಿಸಿ ಚಟ್ನಿಪುಡಿ ಕಲಸಿದ ಅವಲಕ್ಕಿ, ಹುರಿಹಿಟ್ಟು, ಹುರಿಗಡಲೆ ಬೆಲ್ಲ ಕೈಗೆ ಸಿಗುವಂತಿರಲಿ. ಎರಡನೇ ವಾರ ಹಸಿರು ಮುಗಿದಾಗ ಹೆಸರುಕಾಳು ಮೊಳಕೆ ಕಟ್ಟಿ; ದೂರಯಾನದ ನಾವಿಕರು ಎಲ್ಲ ದೇಶಗಳಲ್ಲೂ ಮಾಡುವ ಉಪಾಯವಿದು. ಬೇಳೆ, ಅಕ್ಕಿ, ಮಸಾಲೆ ಊರಿನಿಂದ ಹೊರಬೇಕಾಗಿಲ್ಲ. ಕೆನರಿ ದ್ವೀಪಗಳಲ್ಲಿ ಸಿಂಧಿ ವ್ಯಾಪಾರಿಗಳು ಬಹುಕಾಲದಿಂದ ನೆಲೆಸಿದ್ದಾರೆ. ತುಪ್ಪ, ಪೇಡ ತರುವ ಯೋಚನೆ ಬಿಡಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರಲು ಬಿಡುವುದಿಲ್ಲ. ಗ್ಯಾಸ್ ಸಿಲಿಂಡರ್ ತುಂಬಿಸುವ ಕೆಲಸವನ್ನು ಕೊನೆಗೆ ಬಿಡಬೇಡಿ. ದೇಶಕ್ಕೊಂದು ಕೊಂಡಿ, ಅದಕ್ಕೆ ಹೊಂದುವ ಅಡಾಪ್ಟರ್ ಹುಡುಕುವುದೇ ಒಂದು ದಿನದ ಕೆಲಸ.

ಕಾಗದಪತ್ರ, ಜೊತೆಗಾರರು

ಭಾರತದ ಪಾಸ್‌ಪೋರ್ಟ್ ಇದ್ದವರು ಕಾಯುವಾಗ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಕೆನರಿ ದ್ವೀಪಗಳು ಷೆಂಗೆನ್ ವಲಯದಲ್ಲಿವೆ. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ ಗರಿಷ್ಠ 90 ದಿನ ಮಾತ್ರ ಇರಬಹುದು, ವೀಸಾದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ಗಾಳಿ ಬರಲಿಲ್ಲ ಎಂಬ ಕಾರಣವನ್ನು ಯಾವ ಅಧಿಕಾರಿಯೂ ಕೇಳುವುದಿಲ್ಲ. ಹೊರಡುವ ಮುನ್ನ ಬಂದರಿನ ಪೊಲೀಸರಲ್ಲಿ ನಿರ್ಗಮನ ದಾಖಲಿಸಿಕೊಳ್ಳಬೇಕು. ಅದು ದಾಖಲಾದ ಮೇಲೆ ಗಾಳಿ ಕೆಟ್ಟು ಮತ್ತೆ ಉಳಿಯಬೇಕಾಗಿ ಬಂದರೆ ಒಂದೇ ಪ್ರವೇಶದ ವೀಸಾ ಇದ್ದವರಿಗೆ ತಲೆನೋವು, ಬಹುಪ್ರವೇಶದ್ದೇ ಕೇಳಿ. ಆಚೆಯ ದಡದಲ್ಲಿ ಇಳಿಯುವ ದೇಶಕ್ಕೂ, ದಾರಿ ತಪ್ಪಿ ಸೇರಬಹುದಾದ ದೇಶಕ್ಕೂ ವೀಸಾ ಬೇಕೇ ಎಂದು ಮೊದಲೇ ವಿಚಾರಿಸಿ. ಅಲ್ಲಿ ಮುಂದಿನ ಪ್ರಯಾಣದ ಟಿಕೆಟ್ ತೋರಿಸಿ ಎನ್ನುವುದುಂಟು. ದಿನಾಂಕ ಬದಲಿಸಬಹುದಾದ ಟಿಕೆಟ್ಟಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಟಿಕೆಟ್ಟಿಲ್ಲದ ಸಿಬ್ಬಂದಿಯನ್ನು ಮನೆಗೆ ಕಳಿಸುವ ಹೊಣೆ ದೋಣಿ ನಡೆಸುವ ಸ್ಕಿಪ್ಪರ್ ತಲೆಗೆ ಬರುತ್ತದೆ, ಆದ್ದರಿಂದಲೇ ಅವರು ನಿಮ್ಮ ಪಾಸ್‌ಪೋರ್ಟನ್ನು ಮೊದಲ ದಿನವೇ ಕೇಳುತ್ತಾರೆ.

ನವೆಂಬರಿನಲ್ಲಿ ಲಾಸ್ ಪಾಲ್ಮಾಸ್ ಕಟ್ಟೆಯ ಮೇಲೆ ಬೆನ್ನಚೀಲ ಹೊತ್ತು ‘ಸಿಬ್ಬಂದಿ ಬೇಕೇ’ ಎಂದು ದೋಣಿಯಿಂದ ದೋಣಿಗೆ ಕೇಳಿಕೊಂಡು ಹೋಗುವ ಯುವಕ-ಯುವತಿಯರು ಬಹಳ. ಹಾಗೆ ಜಾಗ ಸಿಗುವುದೂ ಉಂಟು. ಸಿಕ್ಕಿತೆಂದು ಹಿಗ್ಗಿ ಚೀಲ ಇಳಿಸಬೇಡಿ. ಆ ದೋಣಿಯಲ್ಲಿ ಎರಡು ರಾತ್ರಿ ಮಲಗಿ, ಒಂದು ಸಲವಾದರೂ ಟೆನೆರಿಫೆ ಕಡೆಗೆ ರಾತ್ರಿಯ ಯಾನ ಮಾಡಿ. ಕತ್ತಲಲ್ಲಿ ಹಾಯಿ ಕಿರಿದಾಗಿಸುವುದು, ನೀರಿಗೆ ಬಿದ್ದವರನ್ನು ಎತ್ತುವುದು, ರೇಡಿಯೋದಲ್ಲಿ ಮಾತನಾಡುವುದನ್ನು ಸ್ಕಿಪ್ಪರ್ ಕಲಿಸುತ್ತಾರೆಯೇ, ಗದರುತ್ತಾರೆಯೇ ಗಮನಿಸಿ. ಸ್ಕಿಪ್ಪರ್‌ಗೇ ಏನಾದರೂ ಆದರೆ ದೋಣಿ ನಡೆಸುವವರು ಯಾರು ಎಂದು ಕೇಳಿ; ಉತ್ತರ ತಡವರಿಸಿದರೆ ಇಳಿದುಬಿಡಿ. ಊಟ, ಡೀಸೆಲ್, ಬಂದರಿನ ಬಾಡಿಗೆಯಲ್ಲಿ ಯಾರ ಪಾಲು ಎಷ್ಟು, ಕಾಯುವುದು ಎರಡು ವಾರ ಮೀರಿದರೆ ಏನು ಎಂಬುದು ಕಾಗದದ ಮೇಲಿರಲಿ. ಸಮುದ್ರದ ಜಗಳಗಳಲ್ಲಿ ಅರ್ಧ ಬಂದರಿನಲ್ಲೇ ಹುಟ್ಟಿದವು.

ಹಲ್ಲಿನ ಡಾಕ್ಟರನ್ನು ಊರಲ್ಲೇ ನೋಡಿ ಬನ್ನಿ. ಕಡಲಕಾಯಿಲೆಗೆ ನಾವಿಕರಲ್ಲಿ ಹೆಚ್ಚು ಬಳಕೆಯ ಸಿನ್ನರಿಜಿನ್ ಮಾತ್ರೆ ಭಾರತದಲ್ಲೂ ಸಿಗುತ್ತದೆ. ವೈದ್ಯರನ್ನು ಕೇಳಿ, ದಡದಲ್ಲೇ ಒಂದು ದಿನ ತೆಗೆದುಕೊಂಡು ಎಷ್ಟು ತೂಕಡಿಕೆ ಬರುತ್ತದೆಂದು ನೋಡಿಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. 1935ರಿಂದ ರೋಮ್‌ನಲ್ಲಿರುವ ಸಿಐಆರ್‌ಎಂ ಸಂಸ್ಥೆ ಯಾವ ದೇಶದ ಹಡಗಿಗಾದರೂ ಉಚಿತವಾಗಿ ವೈದ್ಯಕೀಯ ಸಲಹೆ ಕೊಡುತ್ತದೆ. ಅದರ ಸಂಪರ್ಕ ವಿವರವನ್ನು ಔಷಧಿ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿ.

ಹೊರಡುವ ದಿನ

ಹಿಂದಿನ ರಾತ್ರಿ ಪಾರ್ಟಿ ಬೇಡ, ನಿದ್ದೆ ಬೇಕು. ದೋಣಿಯ ತಳಕ್ಕೆ ಕಾಯುವ ವಾರಗಳಲ್ಲಿ ಪಾಚಿ, ಚಿಪ್ಪು ಹಿಡಿದಿರುತ್ತದೆ. ಉಜ್ಜಿ ತೆಗೆಸಿದ್ದರೆ ದಿನಕ್ಕೆ ಹತ್ತಾರು ಮೈಲು ಲಾಭ. ಕಸವನ್ನೆಲ್ಲ ದಡದಲ್ಲಿ ಬಿಟ್ಟು, ನೀರಿನ ಟ್ಯಾಂಕು ಕೊನೆಯ ಸಲ ತುಂಬಿಸಿ, ಬೆಳಕಿರುವಾಗಲೇ ಹೊರಡಿ.

ಗ್ರಾನ್ ಕನಾರಿಯಾದ ಪೂರ್ವ ದಂಡೆಯುದ್ದಕ್ಕೂ ದಕ್ಷಿಣಕ್ಕೆ ಇಳಿಯುವಾಗ ಒಂದು ಸಂಗತಿ ಮೊದಲ ಸಲದವರನ್ನು ಗಾಬರಿಗೊಳಿಸುತ್ತದೆ. ಎತ್ತರದ ದ್ವೀಪಗಳ ನಡುವೆ ಸಿಕ್ಕಿಕೊಂಡ ಗಾಳಿ ಇಕ್ಕಟ್ಟಾಗಿ ಹಠಾತ್ತನೆ 10-15 ನಾಟ್ ಏರುತ್ತದೆ, ದ್ವೀಪದ ತುದಿ ದಾಟಿ ಅದರ ಮರೆಗೆ ಬಂದರೆ ಪೂರ್ತಿ ನಿಂತುಹೋಗುತ್ತದೆ. ಹೊರಡುವಾಗಲೇ ಹಾಯಿ ಕಿರಿದಾಗಿಸಿಕೊಂಡಿರಿ. ಮರೆಯಲ್ಲಿ ಗಾಳಿ ಸತ್ತಾಗ ಎಂಜಿನ್ ಹಾಕಿ ದಾಟಿಬಿಡಿ. ಮೊದಲ ರಾತ್ರಿ ದೊಡ್ಡ ಬಣ್ಣದ ಹಾಯಿಗಳನ್ನು ಬಿಚ್ಚುವ ಉತ್ಸಾಹ ತೋರಬೇಡಿ. ಅಂದು ಎಲ್ಲರೂ ಪಾಳಿಗೆ ಹೊಂದಿಕೊಂಡು, ಒಂದಿಷ್ಟು ತಿಂದು, ಮಲಗುವಂತಾದರೆ ಸಾಕು.

ಹಿಂತಿರುಗುವ ನಿರ್ಧಾರವನ್ನೂ ಬಂದರಿನಲ್ಲೇ ಮಾಡಿಟ್ಟುಕೊಳ್ಳಬೇಕು. ಗಾಳಿಗೆ ಎದುರಾಗಿ ಲಾಸ್ ಪಾಲ್ಮಾಸ್‌ಗೆ ಮರಳುವುದು ಎರಡನೇ ದಿನದ ನಂತರ ಕಷ್ಟ. ಗಾಳಿಯ ಜೊತೆಗೇ ಹೋಗಿ ತಲುಪಬಹುದಾದದ್ದು ಕೇಪ್ ವರ್ಡ್‌ನ ಸಾವೊ ವಿಸೆಂಟೆ ದ್ವೀಪದ ಮಿಂಡೆಲೊ. ಆಟೋಪೈಲಟ್ ಕೆಟ್ಟಿತು, ತಂತಿಯ ಎಳೆ ಬಿಟ್ಟಿತು, ಟ್ಯಾಂಕು ಸೋರಿತು, ಒಬ್ಬರು ನಾಲ್ಕನೇ ದಿನವೂ ನೀರು ಉಳಿಸಿಕೊಳ್ಳಲಾಗದೆ ವಾಂತಿ ಮಾಡುತ್ತಿದ್ದಾರೆ: ಇವುಗಳಲ್ಲಿ ಒಂದಾದರೂ ಚರ್ಚೆಯಿಲ್ಲದೆ ಅತ್ತ ತಿರುಗುವುದು ಎಂದು ಹೊರಡುವ ಮುನ್ನವೇ ಎಲ್ಲರ ಒಪ್ಪಿಗೆಯಿಂದ ಬರೆದಿಡಿ. ಮಿಂಡೆಲೊದಲ್ಲಿ ಮರೀನಾ ಇದೆ, ರಿಪೇರಿ ಮಾಡುವವರಿದ್ದಾರೆ. ಅಲ್ಲಿಂದ ಸೇಂಟ್ ಲೂಸಿಯಾಕ್ಕೆ ಸುಮಾರು 2,100 ಮೈಲು.